ಕರೂರಿನ ಹಳೇ ಶೆಡ್: ಮುಂಗಡ ಕೊಡುವ ಮುನ್ನ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಹಳೇ ಶೆಡ್ ಕೊಂಡು ಬಾಯ್ಲರ್ ಇರುವ ಘಟಕ ಹಾಕಬಹುದೇ ಅಂತ ಕೇಳಿದ್ದೀರಿ. ಹಾಕಬಹುದು, ಆದರೆ ಶೆಡ್ಡಿಗಿಂತ ಮೊದಲು ಕಾಗದ ನೋಡಿ. ಮಾರುವವರ ಹೆಸರಿಗೆ ಶುದ್ಧ ಕ್ರಯಪತ್ರ ಆಗಿದೆಯೋ, ಇನ್ನೂ ಲೀಸ್-ಕಮ್-ಸೇಲ್‌ನಲ್ಲೇ (ಮೊದಲು ಲೀಸ್, ಷರತ್ತು ಪೂರೈಸಿದ ಮೇಲೆ ಕ್ರಯ) ಇದೆಯೋ? ಲೀಸ್ ಆಗಿದ್ದರೆ ಜಾಗ ಹಂಚಿದ ಕೈಗಾರಿಕಾ ಮಂಡಳಿಯ ಅನುಮತಿ ಇಲ್ಲದೆ ವರ್ಗಾವಣೆ ನಡೆಯದು. ಛಾಪಾ ಕಾಗದದ ಕರಾರು ನಂಬಿ ಮುಂಗಡ ಕೊಡಬೇಡಿ.

ಬೆಸ್ಕಾಂ ಹಳೇ ಬಾಕಿಯನ್ನು ಹೊಸ ಮಾಲೀಕರಿಂದಲೂ ಕೇಳುತ್ತದೆ, ಹಾಗಾಗಿ ಬಾಕಿ ಇಲ್ಲವೆಂಬ ಪತ್ರ ಮಾರುವವರಿಂದಲೇ ತರಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಹಿಂದಿನ ಉತ್ಪನ್ನಕ್ಕೆ ಕೊಟ್ಟದ್ದು. ನಿಮ್ಮ ಉತ್ಪನ್ನ ಬೇರೆಯಾದರೆ ಹೊಸದಾಗಿ ಪಡೆಯಬೇಕು.

ಜನ ಎಡವುವುದು ನೀರಿನಲ್ಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಬಾಯ್ಲರ್ ಟ್ಯೂಬಿಗೆ ನೀರು ತಾಗುವ ಬದಿಯಲ್ಲಿ ಸುಣ್ಣದ ಪದರ ಕಟ್ಟಿ ಇಂಧನ ಹೆಚ್ಚು ಸುಡುತ್ತದೆ, ಕೊನೆಗೆ ಟ್ಯೂಬೇ ಕಾದು ಒಡೆಯುತ್ತದೆ. ಮೊದಲೇ ಗಡಸುತನ ಪರೀಕ್ಷಿಸಿ, ಗಡಸು ತೆಗೆಯುವ ಸಾಫ್ಟ್‌ನರ್ ಯಂತ್ರದ ಖರ್ಚನ್ನೂ ಶೆಡ್ ಬೆಲೆಯ ಚೌಕಾಸಿಯಲ್ಲೇ ಸೇರಿಸಿ.