'ಹಚ್ಚಿದ ದಿನ ಕನ್ನಡಿ ಹಾಗಿತ್ತು ಸರ್, ಈಗ ನೋಡಿ!'

ಆಯುಧ ಪೂಜೆ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿರುತ್ತವೆ. ಹಬ್ಬದ ಸೇಲ್‌ನಲ್ಲಿ ಒಂದು ಡಬ್ಬಿ ವ್ಯಾಕ್ಸ್ ತರಿಸಿರುತ್ತಾರೆ. ಭಾನುವಾರ ಬೆಳಿಗ್ಗೆ ಕಾರಿಗೆ ಬಳಿದಿರುತ್ತಾರೆ. ಮಧ್ಯಾಹ್ನ ಬಾನೆಟ್ಟಿನ ಫೋಟೋ ಕಳಿಸಿ 'ಹೇಗಿದೆ ಸರ್ ಈ ವ್ಯಾಕ್ಸ್?' ಅಂತ ಕೇಳುತ್ತಾರೆ. ಫೋಟೋದಲ್ಲಿ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ಚೆನ್ನಾಗಿ ಕಾಣುತ್ತಿರುತ್ತದೆ, ಅಷ್ಟೇ. ಕಾರಿನ ಪೇಂಟ್ ಉಜ್ಜಿಯೇ ಹದಿನೈದು ವರ್ಷ ಹೊಟ್ಟೆ ಹೊರೆದ ನನಗೂ ಆ ಫೋಟೋ ನೋಡಿ ವ್ಯಾಕ್ಸಿನ ಬಗ್ಗೆ ಒಂದು ಮಾತು ಹೇಳಲು ಬರುವುದಿಲ್ಲ. ಈ ಸಲ ಒಂದೇ ಪ್ರಶ್ನೆ ಹಿಡಿದು ಉದ್ದಕ್ಕೆ ಬರೆಯುತ್ತೇನೆ, ಉಳಿದವಕ್ಕೆ ಒಂದೊಂದು ಸಾಲು. ಕಾರು ತೊಳೆಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ವ್ಯಾಕ್ಸ್ ಕೊಳ್ಳುವವರೆಗೆ ಬಂದವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ನನ್ನದು ಮೂರು ವರ್ಷದ ಕಪ್ಪು ಕಾರು. ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಹೊಸ ವ್ಯಾಕ್ಸ್ ಹಚ್ಚಿದ ದಿನ ಕನ್ನಡಿ ಹಾಗೆ ಹೊಳೆಯಿತು. ಹದಿನೈದು ದಿನಕ್ಕೆ ಗೀರುಗಳೆಲ್ಲ ವಾಪಸ್ ಬಂದಿವೆ. ನಕಲಿ ಮಾಲು ಇರಬಹುದಾ? ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಗೀರುಗಳು ವಾಪಸ್ ಬಂದಿಲ್ಲ, ಅವು ಎಲ್ಲಿಗೂ ಹೋಗಿರಲಿಲ್ಲ. ಕೆಲವು ವ್ಯಾಕ್ಸ್‌ಗಳಲ್ಲಿ ಎಣ್ಣೆ ಮತ್ತು ಫಿಲ್ಲರ್ ಜಾಸ್ತಿ ಇರುತ್ತವೆ. ಅವು ಸಣ್ಣ ಗೀರುಗಳೊಳಗೆ ಕೂತು ಮೇಲ್ಮೈ ಸಮ ಮಾಡುತ್ತವೆ, ಬೆಳಕು ಚದುರದೆ ನೇರ ವಾಪಸ್ ಬರುತ್ತದೆ, ಕಣ್ಣಿಗೆ ಹೊಳಪು. ನಾಲ್ಕು ಸಲ ತೊಳೆದರೆ ಅದು ಕೊಚ್ಚಿಹೋಗುತ್ತದೆ. ಗೀರು ನಿಜವಾಗಿ ಹೋಗಬೇಕಾದರೆ ಪಾಲಿಶ್ ಮಾಡಬೇಕು, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನೇ, ಕ್ಲಿಯರ್ ಕೋಟನ್ನೇ, ಸ್ವಲ್ಪ ಸವೆಸಬೇಕು. ಆ ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್, ನಿಮ್ಮ ತಲೆಕೂದಲಿಗಿಂತ ತೆಳು. ಹಾಗಾಗಿ ವರ್ಷಕ್ಕೆ ಎರಡು ಸಲ ಪಾಲಿಶ್ ಮಾಡಿಸಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಈಗ ಪರೀಕ್ಷೆಗೆ ಬರೋಣ. ಇಡೀ ಕಾರಿಗೆ ಹಚ್ಚಿ 'ಚೆನ್ನಾಗಿದೆ' ಅಂದರೆ ಯಾವುದಕ್ಕೆ ಹೋಲಿಸಿ ಚೆನ್ನಾಗಿದೆ? ಬಾನೆಟ್ ಒಂದು ಸಾಕು. ಬಿಸಿಲು, ಮಳೆ, ಧೂಳು, ಹಕ್ಕಿ ಹಿಕ್ಕೆ ಎಲ್ಲವೂ ಮೊದಲು ಬೀಳುವುದು ಅಲ್ಲೇ. ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿ ಎರಡು ಭಾಗ ಮಾಡಿ. ಒಂದು ಕಡೆ ಹೊಸ ವ್ಯಾಕ್ಸ್, ಇನ್ನೊಂದು ಕಡೆ ಏನೂ ಇಲ್ಲ. ಹಳೆಯ ಡಬ್ಬಿ ಮಿಕ್ಕಿದ್ದರೆ ಮೂರು ಭಾಗ ಮಾಡಿ.

ಆದರೆ ಅದಕ್ಕೂ ಮುಂಚೆ ಬಾನೆಟ್ ಪೂರ್ತಿ ಬರಿದಾಗಬೇಕು, ಇಲ್ಲಿಯೇ ಎಲ್ಲರೂ ಎಡವುವುದು. ತೊಳೆದು ಒರೆಸಿದ ಮೇಲೆ ಕೈಯನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಬಾನೆಟ್ ಮೇಲೆ ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪಾಗಿದ್ದದ್ದು ಆಗ ಚಿರೋಟಿ ರವೆ ಮುಟ್ಟಿದ ಹಾಗೆ ತರಿತರಿ ಅನ್ನುತ್ತದೆ. ಬ್ರೇಕ್ ಪುಡಿ, ಟಾರ್, ಮರದ ಅಂಟು ಎಲ್ಲ ಕಚ್ಚಿಕೊಂಡಿರುತ್ತವೆ. ಅದರ ಮೇಲೆ ವ್ಯಾಕ್ಸ್ ಹಚ್ಚಿದರೆ ಧೂಳಿನ ಗೋಡೆಗೆ ಸುಣ್ಣ ಬಳಿದ ಹಾಗೆ. ಕ್ಲೇ ಬಾರ್‌ನಿಂದ, ಅಂದರೆ ಇದಕ್ಕೆಂದೇ ಸಿಗುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ, ಅದನ್ನೆಲ್ಲ ಎತ್ತಿ, ಜಾರಲು ಬೇಕಾದ ಲೂಬ್ರಿಕಂಟ್ ದ್ರವವನ್ನು ಜಿಪುಣತನ ಮಾಡದೆ ಸುರಿದುಕೊಂಡು. ಕೈತಪ್ಪಿ ಕೆಳಗೆ ಬಿದ್ದ ಕ್ಲೇ ಆ ಕ್ಷಣವೇ ಕಸದ ಬುಟ್ಟಿಗೆ ಹೋಗಬೇಕು, 'ತೊಳೆದರೆ ಸರಿಹೋಗುತ್ತೆ' ಅನ್ನುವ ಲೆಕ್ಕ ಬೇಡ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಸಮಸಮ ನೀರು ಬೆರೆಸಿ ಒರೆಸಿ. ಹಳೆಯ ವ್ಯಾಕ್ಸು, ಎಣ್ಣೆ ಹೋಗಿ ನಿಮ್ಮ ಪೇಂಟಿನ ನಿಜವಾದ ಮುಖ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆ ಥರ ಸುತ್ತು ಸುತ್ತಾಗಿ ಗೀರುಗಳಿವೆ, ಅಲ್ವಾ? ಅವು ವ್ಯಾಕ್ಸ್ ಕಂಪನಿ ಮಾಡಿದ್ದಲ್ಲ, ನಿಮ್ಮ ಒರೆಸುವ ಬಟ್ಟೆ ಮಾಡಿದ್ದು.

ಹಚ್ಚುವಾಗ ನೆರಳು ಬೇಕು, ಬಾನೆಟ್ ತಣ್ಣಗಿರಬೇಕು. ಅಂಗೈಯ ಹಿಂಬದಿ ಇಟ್ಟು ನೋಡಿ, ಬೆಚ್ಚಗಿದ್ದರೂ ಕಾಯಿರಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸ ಕಲಿಯುವ ಕಾಲದಲ್ಲಿ ಏಪ್ರಿಲ್ ತಿಂಗಳ ಹನ್ನೊಂದು ಗಂಟೆ ಬಿಸಿಲಲ್ಲಿ ನಮ್ಮ ಸೋದರಮಾವನ ಕಪ್ಪು ಕಾರಿಗೆ ಧಾರಾಳವಾಗಿ ವ್ಯಾಕ್ಸ್ ಬಳಿದು, ಕಾಫಿ ಕುಡಿಯಲು ಒಳಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ದೋಸೆ ಸೀದ ಕಾವಲಿ ಹಾಗೆ ಗಟ್ಟಿ ಕಚ್ಚಿತ್ತು. ಸಂಜೆವರೆಗೂ ಉಜ್ಜಿದೆ. ಮಾವ ಜಗಲಿ ಮೇಲೆ ಕೂತು ನೋಡುತ್ತಲೇ ಇದ್ದರು, ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಅರ್ಧ ಬಾನೆಟ್ಟಿಗೆ ಕಡಲೆಕಾಳು ಗಾತ್ರದ ವ್ಯಾಕ್ಸ್ ಸಾಕು. ದಪ್ಪ ಹಚ್ಚಿದರೆ ಜಾಸ್ತಿ ದಿನ ಬಾಳುವುದಿಲ್ಲ, ಮಿಕ್ಕಿದ್ದೆಲ್ಲ ಬಟ್ಟೆಗೆ ಹೋಗುತ್ತದೆ. ಮಬ್ಬುಗಟ್ಟಿದ ಮೇಲೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಿ, ಮೆತ್ತಿಕೊಂಡರೆ ಇನ್ನೂ ಕಾಯಿರಿ. ಡಬ್ಬಿ ಮೇಲೆ ಬೇರೆ ಥರ ಬರೆದಿದ್ದರೆ ಡಬ್ಬಿಯ ಮಾತು ಕೇಳಿ.

ಇಷ್ಟಾದ ಮೇಲೆ ನೋಡುತ್ತಾ ನಿಲ್ಲಬೇಡಿ, ಕಾರು ಓಡಿಸಿ. ಮೊದಲ ದಿನದ ಹೊಳಪನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆರು ವಾರ ನೋಡಿ. ವಾರದ ಧೂಳು ಯಾವ ಭಾಗದಲ್ಲಿ ಬರೀ ನೀರಿಗೆ ಜಾರಿತು, ಹೊಂಗೆ ಮರದ ಕೆಳಗೆ ನಿಲ್ಲಿಸಿದಾಗ ಬಿದ್ದ ಅಂಟು ಎಲ್ಲಿ ಸುಲಭಕ್ಕೆ ಬಿಟ್ಟಿತು, ಐದಾರು ಸಲ ಶಾಂಪೂ ಹಾಕಿ ತೊಳೆದ ಮೇಲೂ ನೀರು ಎಲ್ಲಿ ನಿಲ್ಲದೆ ಓಡಿತು, ಇವಿಷ್ಟೇ ಪರೀಕ್ಷೆ. ಎರಡು ಭಾಗಕ್ಕೂ ವ್ಯತ್ಯಾಸ ಕಾಣದ ದಿನ ವ್ಯಾಕ್ಸ್ ಮುಗಿಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮ ಬಿಸಿಲಲ್ಲಿ ನಿಲ್ಲುವ ಕಾರಿಗೆ ಸಾಧಾರಣ ವ್ಯಾಕ್ಸ್ ಒಂದೂವರೆ, ಎರಡು ತಿಂಗಳು ಬಂದರೆ ಅದು ದುಡಿಯಿತು ಅಂತಲೇ ಅರ್ಥ. ಆರು ತಿಂಗಳು ಬರಬೇಕಿದ್ದರೆ ಸಿಂಥೆಟಿಕ್ ಸೀಲಂಟ್ ನೋಡಿ, ವ್ಯಾಕ್ಸ್ ಥರವೇ ಹಚ್ಚುವ ಕೃತಕ ಲೇಪ ಅದು.

ಬೋರ್‌ವೆಲ್ ನೀರಿನ ವಿಷಯ ಬೇರೆಯೇ ಇದೆ. ಮುತ್ತಿನ ಹಾಗೆ ನಿಲ್ಲುವ ಹನಿಗಳ ವಿಡಿಯೋ ಎಲ್ಲರಿಗೂ ಇಷ್ಟ. ಗಡಸು ನೀರಿನ ಮನೆಗಳಲ್ಲಿ ಅದೇ ಹನಿ ಶತ್ರು. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಉಂಗುರವಾಗಿ ಕೂರುತ್ತವೆ. ಸ್ನಾನದ ಮನೆಯ ನಲ್ಲಿ ನೋಡಿದರೆ ಗೊತ್ತಾಗುತ್ತದೆ. ಹನಿ ಭೂತಗನ್ನಡಿ ಥರ ಬಿಸಿಲು ಹಿಡಿದು ಪೇಂಟ್ ಸುಡುತ್ತದೆ ಅನ್ನುವುದು ಬುರುಡೆ, ಕೆಲಸ ಕೆಡಿಸುವುದು ನೀರಿನಲ್ಲಿದ್ದ ಈ ಲವಣಗಳು. ವ್ಯಾಕ್ಸ್ ಇದ್ದರೆ ಒರೆಸಬೇಕಿಲ್ಲ ಅಂದುಕೊಂಡವರ ಕಾರಿನಲ್ಲೇ ನಾನು ಈ ಕಲೆ ಜಾಸ್ತಿ ನೋಡಿದ್ದೇನೆ. ತೊಳೆದ ಕೂಡಲೇ ಒಣಗಿಸಿ. ಹೊಸ ಕಲೆಗೆ ಬಿಳಿ ವಿನೆಗರ್ ಸಮ ನೀರಿನಲ್ಲಿ ಬೆರೆಸಿ ಒಂದು ನಿಮಿಷ ಇಟ್ಟು ತೊಳೆದರೆ ಸಾಕು, ಆದರೆ ಆ ಜಾಗದ ವ್ಯಾಕ್ಸೂ ಹೋಯಿತು ಅಂತ ತಿಳಿಯಿರಿ.

ಇನ್ನೊಂದು ಮಾತು, ಇದು ನೀವು ಕೇಳದೇ ಇರುವುದು. ಬೆಳಗಿನ ಜಾವ ಬೇಸ್‌ಮೆಂಟಿಗೆ ಬಂದು ಇಪ್ಪತ್ತು ಕಾರು ಒಂದೇ ಬಟ್ಟೆಯಲ್ಲಿ ಒರೆಸಿ ಹೋಗುವ ಹುಡುಗ ಇದ್ದಾನಲ್ಲ, ನಿಮ್ಮ ಪರೀಕ್ಷೆ ಅವನ ಕೈಯಲ್ಲಿ ಮುಗಿಯುತ್ತದೆ. ಒಣ ಧೂಳು ಅಂದರೆ ಮರಳು ಕಾಗದ. ಅವನನ್ನು ಬೈಯಬೇಡಿ. ನೀವು ಕೊಡುವ ತಿಂಗಳ ದುಡ್ಡಿಗೆ ಅವನು ಇನ್ನೇನು ಮಾಡಬೇಕು? ನಿಮ್ಮ ಕಾರಿಗೇ ಅಂತ ನಾಲ್ಕು ಮೈಕ್ರೋಫೈಬರ್ ಬಟ್ಟೆ ಕೊಡಿ, ಇಲ್ಲ ಅಂದರೆ ಪರೀಕ್ಷೆ ಮುಗಿಯುವವರೆಗೆ ನನ್ನ ಕಾರು ಮುಟ್ಟಬೇಡಪ್ಪ ಅನ್ನಿ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಾಗ ತುಂಬಾ ಜನ ಒಣ ಬಟ್ಟೆಗೆ ಇಳಿದರು. ಆಮೇಲೆ ಬಂದ ಕಾರುಗಳ ಗೀರು ನೋಡಿ ನನಗೇ ಹೊಟ್ಟೆ ಉರಿಯಿತು. ನೀರಿಗೆ ಬೆರೆಸಿ ಒರೆಸಿದರೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ, ಒಂದು ಬಕೆಟ್ ನೀರಿನಲ್ಲಿ ಮುಗಿಯುವ ರಿನ್ಸ್‌ಲೆಸ್ ವಾಶ್ ಸಿಗುತ್ತದೆ, ಅದನ್ನು ಬಳಸಿ.

ಇನ್ನು ಉಳಿದವು.

ನೂರಕ್ಕೆ ನೂರು ಕಾರ್ನೂಬಾ ಅಂತ ಬರೆದಿದೆ, ನಿಜವಾ? — ಕಾರ್ನೂಬಾ ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ. ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಶುದ್ಧ ಕಾರ್ನೂಬಾ ಕಲ್ಲಿನ ಹಾಗಿರುತ್ತದೆ, ಸ್ಪಂಜಿಗೆ ಹತ್ತುವುದಿಲ್ಲ. ಡಬ್ಬಿಯಿಂದ ಬೆಣ್ಣೆ ಥರ ಬರುತ್ತಿದೆ ಅಂದರೆ ಅದರಲ್ಲಿ ದ್ರಾವಕ, ಎಣ್ಣೆ ಎಲ್ಲ ಇವೆ. ಅದು ಮೋಸವೇನಲ್ಲ, ಬರೆದಿದ್ದು ಮಾತ್ರ ಸುಳ್ಳು.

ಟೂತ್‌ಪೇಸ್ಟ್? — ಹಲ್ಲಿಗೆ.

ವಾಟರ್ ಸರ್ವಿಸ್‌ನವರು ಕೊನೆಗೆ ಡೀಸೆಲ್ ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ, ಹೊಳೆಯುತ್ತದಲ್ಲ? — ಎಣ್ಣೆ ಸವರಿದರೆ ಬದನೆಕಾಯಿಯೂ ಹೊಳೆಯುತ್ತದೆ. ಇದ್ದ ವ್ಯಾಕ್ಸ್ ಕರಗುತ್ತದೆ, ಡೋರ್ ರಬ್ಬರ್ ಹಾಳಾಗುತ್ತದೆ, ಗೇಟ್ ದಾಟುವಷ್ಟರಲ್ಲಿ ಊರ ಧೂಳೆಲ್ಲ ಅಂಟುತ್ತದೆ. ಸೀಮೆಎಣ್ಣೆಗೂ ಇದೇ ಉತ್ತರ.

ಸೆರಾಮಿಕ್ ಕೋಟಿಂಗ್ 9ಎಚ್ ಅಂತೆ, ಕಲ್ಲಲ್ಲಿ ಗೀಚಿದರೂ ಏನೂ ಆಗಲ್ಲ ಅಂದರು. — ಪೇಂಟಿನ ಮೇಲೆ ಗಟ್ಟಿಯಾಗುವ ಆ ಲೇಪಕ್ಕೆ ಹೇಳುವ 9ಎಚ್ ಪೆನ್ಸಿಲ್ ಗಡಸುತನದ ಅಳತೆ, ಕಲ್ಲಿನದಲ್ಲ. ಹೇಳಿದವರ ಸ್ವಂತ ಕಾರಿನ ಮೇಲೆ ಕಲ್ಲಲ್ಲಿ ಗೀಚಿ ತೋರಿಸಿ ಅನ್ನಿ. ಬಾನೆಟ್ ಮೇಲೆ ಲೈಟರ್ ಹಚ್ಚಿ ತೋರಿಸುವವರ ಅಂಗಡಿಗಂತೂ ಕಾಲಿಡಬೇಡಿ.

ಟಿಂಕರಿಂಗ್ ಆಗಿ ಹೊಸ ಪೇಂಟ್ ಹೊಡೆಸಿದ್ದೇನೆ, ಯಾವಾಗ ಹಚ್ಚಲಿ? — ಎರಡು ತಿಂಗಳು ಬಿಡಿ. ಪೇಂಟಿನ ದ್ರಾವಕ ಪೂರ್ತಿ ಆರಬೇಕು. ನಾನಾದರೆ ಮೂರು ತಿಂಗಳು ಬಿಡುತ್ತೇನೆ.

ಪೂಜೆಯ ಅರಿಶಿನ, ಕುಂಕುಮ ಬಿಳಿ ಕಾರಿನಲ್ಲಿ ಕಲೆಯಾಗಿದೆ. — ಪೂಜೆಗೆ ಮುಂಚೆಯೇ ವ್ಯಾಕ್ಸ್ ಹಚ್ಚಿ, ಆಮೇಲೆ ಅಲ್ಲ. ಒಣಗಿದ ಗಂಧವನ್ನು ಉಗುರಿನಲ್ಲಿ ಕೆರೆಯಬೇಡಿ, ನೆನೆಸಿ ತೊಳೆಯಿರಿ. ಮಿಕ್ಕ ಅರಿಶಿನದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ. ನಿಂಬೆಹಣ್ಣು ಚಕ್ರದ ಕೆಳಗೇ ಇರಲಿ, ಪೇಂಟಿನ ಮೇಲೆ ಹಿಂಡಬೇಡಿ.

ಯಾವ ಬ್ರ್ಯಾಂಡ್ ಒಳ್ಳೇದು? — ಮೇಲಿನದನ್ನು ಮತ್ತೆ ಓದಿ.

ಸ್ವಲ್ಪ ಮಿಕ್ಕಿದೆ, ಮುಂದಿನ ಗ್ಲಾಸಿಗೂ ಹಚ್ಚಿಬಿಡಲಾ? — ಖಂಡಿತ ಬೇಡ. ಮಳೆಯ ರಾತ್ರಿ ವೈಪರ್ ಕುಣಿಯುತ್ತದೆ, ಎದುರಿನ ಲಾರಿಯ ಲೈಟು ಗ್ಲಾಸ್ ತುಂಬಾ ಹರಡಿ ರಸ್ತೆ ಕಾಣುವುದಿಲ್ಲ. ಮುಚ್ಚಳ ಹಾಕಿ ಬಿಸಿಲು ಬೀಳದ ಕಡೆ ಇಡಿ.