ಪ್ರತಿಕ್ರಿಯೆ: ಇನ್ಸುಲಿನ್ ಅಂಕಣದ ಸೊನ್ನೆಗಳು

ಪಿಮಾ ಮಧುಮೇಹ ದತ್ತಾಂಶದ (ಅಮೆರಿಕದ ಪಿಮಾ ಮೂಲನಿವಾಸಿ ಮಹಿಳೆಯರ ಆರೋಗ್ಯ ಅಳತೆಗಳ ಪಟ್ಟಿ) ಇನ್ಸುಲಿನ್ ಅಂಕಣದಲ್ಲಿರುವ ಸೊನ್ನೆಗಳ ಜಾಗಕ್ಕೆ ಸರಾಸರಿಯನ್ನು ತುಂಬಬಹುದೇ ಎಂದು ಕೇಳಿದ್ದೀರಿ. ತುಂಬಬೇಡಿ ಎಂಬುದೇ ನನ್ನ ಸಲಹೆ. ಅಲ್ಲಿರುವ 768 ಮಹಿಳೆಯರ ಪೈಕಿ 374 ಮಂದಿಯ ಇನ್ಸುಲಿನ್ ಸೊನ್ನೆ ಎಂದು ದಾಖಲಾಗಿದೆ. ಅದು ಅಳೆದ ಮೌಲ್ಯವಲ್ಲ, ಅಳತೆಯೇ ಲಭ್ಯವಿಲ್ಲ ಎಂಬುದರ ಗುರುತು. (ಐದು ಮಂದಿಯ ಗ್ಲೂಕೋಸ್ ಕೂಡ ಸೊನ್ನೆಯೆಂದಿದೆ, ಬದುಕಿರುವವರಲ್ಲಿ ಅದು ಸಾಧ್ಯವೇ ಇಲ್ಲ.) ಹೆಚ್ಚುಕಡಿಮೆ ಅರ್ಧದಷ್ಟು ಸಾಲುಗಳಿಗೆ ಒಂದೇ ಸಂಖ್ಯೆಯನ್ನು ಹಾಕಿದರೆ ಅಂಕಣದ ಹರವು ಕೃತಕವಾಗಿ ಕುಗ್ಗುತ್ತದೆ, ಗ್ಲೂಕೋಸ್‌ನೊಂದಿಗೆ ಅದಕ್ಕಿರುವ ಸಂಬಂಧವೂ ದುರ್ಬಲವಾಗಿ ಕಾಣುತ್ತದೆ.

ಬದಲಿಗೆ ಸೊನ್ನೆಗಳನ್ನು ಮೊದಲು ಖಾಲಿ ಎಂದು ಗುರುತಿಸಿ, ಗ್ಲೂಕೋಸ್, ಬಿಎಂಐ ಮತ್ತು ವಯಸ್ಸಿನ ಆಧಾರದ ಮೇಲೆ ಸಂಭವನೀಯ ಮೌಲ್ಯಗಳನ್ನು ತುಂಬಿದ ಹಲವು ಪ್ರತಿಗಳನ್ನು ಸಿದ್ಧಪಡಿಸಿ, ಪ್ರತಿಯೊಂದರಲ್ಲೂ ಮಧುಮೇಹವನ್ನು ಊಹಿಸುವ ಮಾದರಿಯನ್ನು ಕಟ್ಟಿ ಫಲಿತಾಂಶಗಳನ್ನು ಒಗ್ಗೂಡಿಸುವ, ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ರೂಪಿಸಿದ ಮಲ್ಟಿಪಲ್ ಇಂಪ್ಯುಟೇಶನ್ ವಿಧಾನವನ್ನು ಬಳಸಿ. ಈ ತುಂಬುವ ಸೂತ್ರವನ್ನು ತರಬೇತಿ ದತ್ತಾಂಶದಿಂದ (ಮಾದರಿಯನ್ನು ಕಟ್ಟಲು ಬಳಸುವ ಸಾಲುಗಳಿಂದ) ಮಾತ್ರ ಕಲಿಯಬೇಕು. ಮಾದರಿಯನ್ನು ಒರೆಗೆ ಹಚ್ಚಲು ಬೇರೆ ತೆಗೆದಿಟ್ಟ ಪರೀಕ್ಷಾ ದತ್ತಾಂಶವನ್ನೂ ಸೇರಿಸಿಕೊಂಡರೆ ನಿಖರತೆ ಸುಳ್ಳಾಗಿ ಏರಬಹುದು, ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದರೆ ಮೌಲ್ಯ ಕಾಣೆಯಾಗಿರುವುದಕ್ಕೆ ಆ ಮೌಲ್ಯವೇ ಕಾರಣವಾಗಿದ್ದರೆ, ಈ ವಿಧಾನವನ್ನೂ ಹಾಗೆಯೇ ನಂಬುವಂತಿಲ್ಲ.