ಕಿಂಗ್ಸ್ ಕ್ರಾಸ್‌ನಲ್ಲಿ ಮನೆ ಮಾಡಬಹುದಾ?

ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್ ರೋಡ್ ಪಕ್ಕ ಹಳೇ ಕಟ್ಟಡದಲ್ಲಿ ಸ್ಟುಡಿಯೋ, ಅಂದರೆ ಒಂದೇ ಕೋಣೆಯ ಮನೆ, ಸಿಕ್ಕಿದೆ, ಕಿಂಗ್ಸ್ ಕ್ರಾಸ್ ಅಂದ ಕೂಡಲೇ ಆಫೀಸಿನವರು ಮುಖ ಮುಖ ನೋಡಿಕೊಂಡರು, ಮನೆ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ. ಅವರ ತಲೆಯಲ್ಲಿರುವುದು ಹಳೇ ಬೀದಿ.

ಆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. 1916ರಲ್ಲಿ ಸಂಜೆ ಆರಕ್ಕೇ ಬಾರ್ ಮುಚ್ಚಬೇಕೆಂದು ಕಾನೂನಾಯಿತು, ಈ ಸುತ್ತಮುತ್ತ ಕಳ್ಳ ಹೆಂಡ ಹುಟ್ಟಿಕೊಂಡಿತು. 1927ರಲ್ಲಿ ಪಿಸ್ತೂಲಿಗೆ ಲೈಸೆನ್ಸ್ ಬಿಗಿಯಾಯಿತು, ಪುಂಡರು ಕ್ಷೌರದ ಕತ್ತಿ ಹಿಡಿದರು. ವಿಯೆಟ್ನಾಂ ಯುದ್ಧದ ಕಾಲಕ್ಕೆ ರಜೆ ಮೇಲೆ ಬರುತ್ತಿದ್ದ ಅಮೆರಿಕನ್ ಸೈನಿಕರು, ಜೊತೆಗೆ ಸ್ಟ್ರಿಪ್ ಕ್ಲಬ್ಬು, ಹೆರಾಯಿನ್. ಪೊಲೀಸರಿಗೆ ಮಾಮೂಲು ಹೋಗುತ್ತಿದ್ದದ್ದು 1995ರಲ್ಲಿ ವುಡ್ ಆಯೋಗದ ಮುಂದೆ ಬಯಲಾಯಿತು. ನಾನು ಬಂದ ಹೊಸತರಲ್ಲಿ ಶನಿವಾರ ರಾತ್ರಿ ಇಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. 2014ರ ಫೆಬ್ರವರಿಯಲ್ಲಿ ರಾತ್ರಿ 1.30ರ ಮೇಲೆ ಬಾರುಗಳೊಳಗೆ ಹೊಸದಾಗಿ ಯಾರನ್ನೂ ಬಿಡುವಂತಿಲ್ಲ, 3ಕ್ಕೆ ಮದ್ಯ ನಿಲ್ಲಿಸಬೇಕು ಅಂತ ನಿಯಮ ಬಂತು. ಹೊಡೆದಾಟ ತಗ್ಗಿತು, ನಿಜ, ಬೀದಿಯೂ ಆರಿಹೋಯಿತು. ನಗರದ ಮಧ್ಯಭಾಗಕ್ಕೆ 2020ರಲ್ಲಿ ಸಡಿಲಿಸಿದರೂ ಕ್ರಾಸನ್ನು 2021ರ ಮಾರ್ಚ್‌ವರೆಗೆ ಕಾಯಿಸಿದರು. ಈಗ ನಿಧಾನಕ್ಕೆ ಸಣ್ಣ ಬಾರು, ಹೋಟೆಲು, ಹೊಸ ಅಪಾರ್ಟ್‌ಮೆಂಟು ಬರುತ್ತಿವೆ. ಕೆಟ್ಟ ಹೆಸರಿನ ಜೊತೆಗೇ ಅಗ್ಗದ ಬಾಡಿಗೆಯೂ ಹೋಯಿತು. ನಮ್ಮಂಥ ಹೊಸಬರಿಗೆ ಆಸರೆಯಾಗಿದ್ದದ್ದು ಅದೇ.

ಭಯದ ವಿಷಯ: ಡಾರ್ಲಿಂಗ್‌ಹರ್ಸ್ಟ್ ರೋಡಿನ 66ನೇ ನಂಬರಿನಲ್ಲಿ 2001ರಿಂದ ಇಂಜೆಕ್ಷನ್ ಕೇಂದ್ರವಿದೆ, ಡ್ರಗ್ಸ್ ಚಟದವರು ವೈದ್ಯಕೀಯ ನಿಗಾದಲ್ಲಿ ಚುಚ್ಚಿಕೊಳ್ಳುವ ಜಾಗ. ಹೊರಗೆ ನಿಂತವರನ್ನು ಕಂಡು ಬೆದರಬೇಡಿ, ನಿಮ್ಮ ಪಾಡಿಗೆ ನೀವು ನಡೆಯಿರಿ. ತುರ್ತಿಗೆ 000.

ಕರಾರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಿ. ಬೆಂಗಳೂರಿನ ಅಡ್ವಾನ್ಸ್ ಲೆಕ್ಕ ಇಲ್ಲಿಲ್ಲ. ಬಾಂಡ್, ಅಂದರೆ ಇಲ್ಲಿನ ಠೇವಣಿ, ನಾಲ್ಕು ವಾರದ ಬಾಡಿಗೆ ದಾಟುವಂತಿಲ್ಲ, ಅದು ಸರ್ಕಾರದ ಬಳಿ ಜಮೆಯಾಗುತ್ತದೆ. ಮುಂಗಡ ಬಾಡಿಗೆ ಕೇಳಬಹುದಾದದ್ದು ಎರಡು ವಾರದ್ದು. ಮನೆಯ ಸ್ಥಿತಿಯ ವರದಿಯನ್ನು ಏಳು ದಿನದೊಳಗೆ ತುಂಬಿ ಏಜೆಂಟರಿಗೆ ಕೊಡಬೇಕು. ಗೋಡೆಯ ಕಲೆ, ಬಚ್ಚಲಿನ ಬೂಷ್ಟು, ಕಿಟಕಿಯ ಚಿಲಕ, ಎಲ್ಲದರ ಫೋಟೋ ಇರಲಿ. ಬರೆಯದೆ ಬಿಟ್ಟದ್ದು ಮನೆ ಬಿಡುವಾಗ ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು, ಪಕ್ಕದ ಪಾಟ್ಸ್ ಪಾಯಿಂಟ್ ಕಡೆಯ ಹಳೇ ಕಟ್ಟಡಗಳಲ್ಲಿ ಕೆಲವು ಕಂಪನಿ ಟೈಟಲ್. ಅಲ್ಲಿ ಇಡೀ ಕಟ್ಟಡ ಒಂದು ಕಂಪನಿಯದ್ದು, ಮಾಲೀಕರ ಹತ್ತಿರ ಇರುವುದು ಅದರ ಷೇರು. ಬಾಡಿಗೆಗೆ ಕೊಡಲು ಸಾಮಾನ್ಯವಾಗಿ ಕಟ್ಟಡದ ಬೋರ್ಡಿನ ಒಪ್ಪಿಗೆ ಬೇಕು. ಮನೆ ಹಿಡಿದಿಡಲು ಹಣ ಕಟ್ಟುವ ಮುಂಚೆಯೇ ಇದನ್ನು ಕೇಳಿ. ಆಮೇಲೆ ನೀವೇ ಮನಸ್ಸು ಬದಲಿಸಿದರೆ ಆ ಹಣ ವಾಪಸ್ ಬರುವುದು ಕಷ್ಟ.

ಇಲ್ಲಿ ನಮ್ಮವರ ಕೈ ಸುಡುವುದು ಕಳ್ಳರಿಂದಲ್ಲ, ಒಗ್ಗರಣೆಯಿಂದ. ಒಂದೇ ಕೋಣೆ, ಒಲೆಗೂ ಮಂಚಕ್ಕೂ ನಡುವೆ ಗೋಡೆ ಇಲ್ಲ, ಚಿಮಣಿ ಹೆಸರಿಗಷ್ಟೇ. ಒಣಮೆಣಸಿನಕಾಯಿ ಸೀದು ಅಲಾರಾಂ ಕೂಗಿದ ಕೂಡಲೇ ಎಲ್ಲರೂ ಮಾಡುವ ಕೆಲಸ, ಮುಂಬಾಗಿಲು ತೆಗೆಯುವುದು. ಅದನ್ನು ಮಾತ್ರ ಮಾಡಬೇಡಿ. ಮನೆಯೊಳಗಿನದು ಹೆಚ್ಚಾಗಿ ನಿಮ್ಮ ಕೋಣೆಗಷ್ಟೇ ಕೂಗುತ್ತದೆ; ಕಾರಿಡಾರಿನದು ಎಷ್ಟೋ ಕಟ್ಟಡಗಳಲ್ಲಿ ನೇರ ಅಗ್ನಿಶಾಮಕ ದಳಕ್ಕೆ ಜೋಡಿಸಿರುತ್ತದೆ. ಹೊಗೆ ಅಲ್ಲಿಗೆ ಹೋಯಿತೋ, ಲಾರಿ ಬಂತು. ಸುಳ್ಳು ಕರೆಯ ಬಿಲ್ಲು ಸಾವಿರ ಡಾಲರ್ ದಾಟುತ್ತದೆ, ಕಟ್ಟಡದವರು ಅದನ್ನು ನಿಮ್ಮ ಕಡೆಗೇ ತಳ್ಳುತ್ತಾರೆ. ಮೊದಲು ಒಲೆ ಆರಿಸಿ, ಕಿಟಕಿ ತೆಗೆದು ಫ್ಯಾನನ್ನು ಹೊರಮುಖ ಮಾಡಿ ಇಡಿ, ಬಾಗಿಲಿನ ಅಡಿಯ ಸಂದಿಗೆ ಒದ್ದೆ ಟವೆಲ್ ತುರುಕಿ. ಅಲಾರಾಂಗೆ ಪ್ಲಾಸ್ಟಿಕ್ ಕಟ್ಟುವ ಬುದ್ಧಿವಂತಿಕೆ ಬೇಡ, ಅದು ಅಪರಾಧ. ಒಗ್ಗರಣೆಯನ್ನು ಸಣ್ಣ ಉರಿಯಲ್ಲಿ, ಮುಚ್ಚಳ ಹಿಡಿದು ಹಾಕಿ. ರುಚಿ ಊರಿನದ್ದಾಗುವುದಿಲ್ಲ, ಏನು ಮಾಡುವುದು.

ಅಪ್ಪ-ಅಮ್ಮ ಬಂದರೆ ಏನೆಂದುಕೊಂಡಾರು ಅಂತ ಚಿಂತೆ ಇದ್ದರೆ, ಸ್ಟೇಷನ್ನಿಂದ ಡಾರ್ಲಿಂಗ್‌ಹರ್ಸ್ಟ್ ರೋಡ್ ಕಡೆ ಬೇಡ, ವಿಕ್ಟೋರಿಯಾ ಸ್ಟ್ರೀಟ್ ಬಾಗಿಲಿನಿಂದ ಕರೆತನ್ನಿ. ಮರಗಳ ಸಾಲು, ಹಳೇ ಮನೆಗಳ ಸಾಲು. 1970ರ ದಶಕದಲ್ಲಿ ಕಟ್ಟಡ ಕಾರ್ಮಿಕರು ಕೆಡವುವುದಿಲ್ಲವೆಂದು ಪಟ್ಟು ಹಿಡಿದದ್ದರಿಂದ ಉಳಿದ ಮನೆಗಳವು. ಸಂಜೆ ಎಲ್ ಅಲಮೇನ್ ಕಾರಂಜಿಯ ಹತ್ತಿರ ಕೂರಿಸಿ, ಕೂರಲು ಬೆಂಚುಗಳಿವೆ.